ಹಸಿರು ಕಾರಿನ ಎರಡನೇ ಪೈಪು

ಹೋದ ವಾರ ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತ ನಿಂತಿದ್ದೆ. ಒಬ್ಬಳಿಗೆ ಎಷ್ಟು ಅಕ್ಕಿ ಬೇಕು ಹೇಳಿ, ಒಂದು ಹಿಡಿ. ಅದನ್ನೂ ಹಳೆಯ ಅಭ್ಯಾಸದಿಂದ ದೊಡ್ಡ ಪಾತ್ರೆಯಲ್ಲೇ ತೊಳೆಯುತ್ತೇನೆ. ಕಾಳುಗಳು ತಳದಲ್ಲಿ ಅತ್ತಿತ್ತ ಓಡಾಡಿಕೊಂಡಿರುತ್ತವೆ. ಆಗ ಕಿಟಕಿಯಿಂದ ಪೆಟ್ರೋಲಿನ ವಾಸನೆ ಬಂತು. ಬೇಸಿಗೆಯ ಮಧ್ಯಾಹ್ನ ಬಳ್ಳಾರಿಯ ಪಾರ್ವತಿನಗರದ ನಮ್ಮ ಓಣಿಗೆ ಬರುವ ವಾಸನೆಗಳೆಲ್ಲ ನನಗೆ ಪರಿಚಯದವು: ಎದುರು ಮನೆಯ ಒಗ್ಗರಣೆ, ಕಾದ ಡಾಂಬರು, ಯಾರದೋ ಮಾಳಿಗೆಯ ಮೇಲೆ ಒಣಗುವ ಮೆಣಸಿನಕಾಯಿ. ಪೆಟ್ರೋಲು ಆ ಪಟ್ಟಿಯಲ್ಲಿ ಇರಲಿಲ್ಲ. ಒಲೆ ಆರಿಸಿ, ವಾಸನೆಯ ಬೆನ್ನು ಹಿಡಿದು ಹೊರಟರೆ ಅದು ನಮ್ಮ ಷೆಡ್ಡಿಗೇ ಕರೆದುಕೊಂಡು ಹೋಯಿತು.

ಷೆಡ್ಡಿನಲ್ಲಿರುವುದು ನಮ್ಮ ಹಸಿರು ಕಾರು. ದುಂಡು ಮೂತಿ, ಸ್ಟೇರಿಂಗಿನ ಪಕ್ಕದಲ್ಲೇ ಗೇರು, ಬೆಂಚಿನಂತೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಆಗಿರುವ ಮುಂದಿನ ಸೀಟು. ನಮ್ಮ ಮನೆಯವರು ತೀರಿಕೊಂಡು ಮೂರು ವರ್ಷವಾಯಿತು. ಈ ಮೂರು ವರ್ಷದಲ್ಲಿ ಕಾರು ಕೊಡುತ್ತೀರಾ ಎಂದು ಕೇಳಿಕೊಂಡು ಐದಾರು ಜನ ಬಂದರು. ಮದುವೆಯ ಮೆರವಣಿಗೆಗೆ ಚೆನ್ನಾಗಿರುತ್ತದೆ ಎಂದವರೂ ಇದ್ದರು. ಕೊಡಲಿಲ್ಲ. ಯಾಕೆ ಎಂದವರಿಗೆ "ಇರಲಿ" ಎಂದೆ. ನಾನು ಒಂದೇ ಶಬ್ದದಲ್ಲಿ ಉತ್ತರ ಮುಗಿಸಿದ್ದು ನೋಡಿ ನನ್ನನ್ನು ಬಲ್ಲವರಿಗೆ ಗಾಬರಿಯಾಗಿರಬೇಕು. ಹೈಸ್ಕೂಲಿನಲ್ಲಿ ಜೀವಮಾನವಿಡೀ ವಿಜ್ಞಾನ ಕಲಿಸಿದವಳು ನಾನು. ಒಂದು ಪ್ರಶ್ನೆಗೆ ಮುಕ್ಕಾಲು ಗಂಟೆ ಉತ್ತರ ಹೇಳುವುದು ನನಗೆ ಕೆಲಸವೂ ಆಗಿತ್ತು, ಚಟವೂ ಆಗಿತ್ತು.

ಮೆಕ್ಯಾನಿಕ್ ಖಾಜಾನಿಗೆ ಫೋನು ಮಾಡಿದೆ. ಕಾರು ನಮ್ಮ ಮನೆಗೆ ಬಂದ ದಿನದಿಂದ ಅದನ್ನು ಮುಟ್ಟಿದವನು ಅವನೊಬ್ಬನೇ. ಆಗ ಅವನ ಗಡ್ಡ ಕಪ್ಪಗಿತ್ತು. ಈಗ ಬೆಳ್ಳಗಾಗಿದೆ, ಮಂಡಿ ನೋವಿಗೆ ಪಟ್ಟಿ ಕಟ್ಟಿಕೊಂಡಿರುತ್ತಾನೆ. ತಿಂಗಳಿಗೊಮ್ಮೆ ಬಂದು ಕಾರು ಸ್ಟಾರ್ಟ್ ಮಾಡಿ, ಓಣಿಯಲ್ಲಿ ಒಂದು ಸುತ್ತು ಹೊಡೆಸಿ, ನಾನು ಕೊಟ್ಟ ಚಹಾ ಕುಡಿದು ಹೋಗುತ್ತಾನೆ. ಆ ದಿನವೂ ಬಂದ. ಬಾನೆಟ್ ಎತ್ತಿ ಮೂಗು ಹತ್ತಿರ ಒಯ್ದ, ಕೈ ಹಾಕಿ ಏನನ್ನೋ ಬಿಚ್ಚಿದ, ಬಟ್ಟೆಯಲ್ಲಿ ಒರೆಸಿ ನನ್ನ ಅಂಗೈ ಮೇಲೆ ಇಟ್ಟ. ಹೆಬ್ಬೆಟ್ಟಿನಷ್ಟು ಉದ್ದದ ರಬ್ಬರ್ ಪೈಪಿನ ತುಂಡು. ಅದರ ಬಾಯಿಗೆ ಒಂದು ಬೋಲ್ಟು ತುರುಕಿ, ಮೇಲೆ ಕ್ಲಿಪ್ಪು ಬಿಗಿದಿತ್ತು. ರಬ್ಬರು ಒಣಗಿ ಸೀಳಿತ್ತು.

"ಇಲ್ಲಿ ಒಡದೈತ್ರಿ ಟೀಚರಮ್ಮ. ಇದರಿಂದ ಜಿನುಗಾಕತ್ತಿತ್ತು. ಗುರ್ತು ಸಿಕ್ತೇನ್ರಿ?"

"ನನಗೇನು ಗೊತ್ತು ಖಾಜಾ, ಇದೇನಿದು?"

"ನೀವ ಹಾಕ್ಸಿದ್ದು" ಎಂದ ಅವನು. ದೂರುವ ದನಿಯೇನೂ ಇರಲಿಲ್ಲ. ಹಳೆಯ ವಿದ್ಯಾರ್ಥಿಯೊಬ್ಬ ಎದುರು ಬಂದು, ನೀವು ನನ್ನ ಕಿವಿ ಹಿಂಡಿದ್ದಿರಿ ಎಂದು ನೆನಪು ಮಾಡುವಾಗ ಇರುತ್ತದಲ್ಲ, ಅಂಥ ದನಿ.

ಈಗ ನಿಮಗೆ ಆ ಪೈಪಿನ ಕಥೆ ಹೇಳಬೇಕು. ಕಾರಿನ ಹೊಟ್ಟೆಯೊಳಗಿನ ವ್ಯವಹಾರ ತಿಳಿದವರು ನಾಲ್ಕು ಸಾಲು ಬಿಟ್ಟು ಮುಂದೆ ಹೋಗಬಹುದು. ತಿಳಿಯದವರು ನನ್ನ ಜೊತೆ ಇರಿ. ನನಗೂ ಹೋದ ವಾರವಷ್ಟೇ ತಿಳಿದದ್ದು. ಹಳೆಯ ಕಾಲದ ಈ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕು ಹಿಂದೆ, ಎಂಜಿನ್ನು ಮುಂದೆ. ಎಂಜಿನ್ನಿನ ಮಗ್ಗುಲಿಗೇ ಅಂಟಿಕೊಂಡು ಒಂದು ಪಂಪು. ಅದು ಹಿಂದಿನಿಂದ ಪೆಟ್ರೋಲು ಎಳೆದು ಕಾರ್ಬುರೇಟರಿಗೆ ಕೊಡುತ್ತದೆ. ಕಾರ್ಬುರೇಟರು ತನಗೆ ಬೇಕಾದಷ್ಟು ಮಾತ್ರ ತೆಗೆದುಕೊಳ್ಳುತ್ತದೆ. ಉಳಿದದ್ದು ಅಲ್ಲೇ ಕಾದ ಎಂಜಿನ್ನಿನ ಪಕ್ಕದಲ್ಲಿ ನಿಂತುಬಿಟ್ಟರೆ ಬಿಸಿಯೇರಿ, ಕೊಳವೆಯೊಳಗೇ ಕುದಿದು ಆವಿಯಾಗುತ್ತದೆ. ಪಂಪಿಗೆ ಪೆಟ್ರೋಲು ತಳ್ಳಲು ಬರುತ್ತದೆ, ಆವಿ ತಳ್ಳಲು ಬರುವುದಿಲ್ಲ. ಕಾರು ಎರಡು ಸಲ ಬಿಕ್ಕಿ ನಿಂತುಬಿಡುತ್ತದೆ. ಇದಕ್ಕೆ ಉಪಾಯವಾಗಿ ಕೆಲವು ಕಾರುಗಳಲ್ಲಿ ಇನ್ನೊಂದು ಸಣ್ಣ ಪೈಪು ಇರುತ್ತದೆ. ಹೆಚ್ಚಾದ ಪೆಟ್ರೋಲನ್ನು, ಜೊತೆಗೆ ಆವಿಯ ಗುಳ್ಳೆಗಳನ್ನು ತಿರುಗಿ ಟ್ಯಾಂಕಿಗೆ ಒಯ್ಯುವ ಪೈಪು. ಆಗ ಪೆಟ್ರೋಲು ಒಂದು ಕಡೆ ನಿಲ್ಲುವುದಿಲ್ಲ. ಹೋಗುತ್ತ ಬರುತ್ತ ಇರುತ್ತದೆ, ತಣ್ಣಗಿರುತ್ತದೆ.

ನಮ್ಮ ಕಾರಿನಲ್ಲಿ ಆ ಎರಡನೇ ಪೈಪು ಇತ್ತು. ಕಾರನ್ನು ನಮಗೆ ಕೊಟ್ಟವರು ಬಳ್ಳಾರಿ ಬಿಟ್ಟು ಹೊರಟಿದ್ದ ಒಬ್ಬ ಡಾಕ್ಟರು. ಈ ಊರಿನ ಬಿಸಿಲಿಗೆಂದೇ ಅದನ್ನು ಹಾಕಿಸಿದ್ದೇನೆ ಎಂದು ಅವರು ಹೇಳಿದ್ದರಂತೆ. ನಾನು ಆ ಮಾತು ಕೇಳಿಸಿಕೊಳ್ಳಲಿಲ್ಲ, ಆ ಹೊತ್ತಿಗೆ ನಾನೇ ಏನೋ ಹೇಳುತ್ತಿದ್ದೆ. ಕಾರು ಮನೆಗೆ ಬಂದ ಮೊದಲ ಭಾನುವಾರ ಎಂಜಿನ್ ಓಡುತ್ತಿರುವಾಗ ಟ್ಯಾಂಕಿನ ಮುಚ್ಚಳ ತೆಗೆದು ಕಿವಿಕೊಟ್ಟೆ. ಒಳಗೆ ಸಣ್ಣಗೆ ಸುರಿಯುವ ಸದ್ದು. ಪೈಪಿನ ಜಾಡು ಹಿಡಿದು ಹಿಂದಿನಿಂದ ಮುಂದಿನವರೆಗೆ ನೋಡಿದೆ. ಮುಂದೆ ಕಳಿಸಿದ ಪೆಟ್ರೋಲು ಹಿಂದಕ್ಕೆ ಬರುತ್ತಿದೆ. ವಿಜ್ಞಾನದ ಟೀಚರಿಗೆ ಇಷ್ಟು ಸಿಕ್ಕರೆ ಸಾಲದೆ?

"ಖಾಜಾ, ಕಳಿಸಿದ್ದು ಕಳಿಸಿದಂಗ ವಾಪಸ್ ಬರಾಕತ್ತಿದ್ರ ಪಂಪು ಸುಮ್ನ ದುಡೀತೈತಿ. ಒಂದು ಸಲ ಮಾಡೋ ಕೆಲಸಾನ ಎರಡು ಸಲ ಮಾಡಿದಂಗ ಆತು. ಇದನ್ನ ಮುಚ್ಚಿಬಿಡು."

ಖಾಜಾ ತಲೆ ಕೆರೆದುಕೊಂಡ. "ಇರ್ಲಿ ಬಿಡ್ರಿ ಟೀಚರಮ್ಮ, ಯಾರೋ ತಿಳದವರ ಹಾಕ್ಯಾರ ಅದನ್ನ."

ನಮ್ಮ ಮನೆಯವರು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. ಅವರದು ಸಿರುಗುಪ್ಪದ ಕಡೆ ಕಾಲುವೆಯ ಮೇಲಿನ ಕೆಲಸ. ನೀರಿನ ಮಟ್ಟ ನೋಡುವುದು, ಏರಿಯ ಮೇಲೆ ನಡೆಯುವುದು, ತೂಬು ಎಷ್ಟು ಎತ್ತಬೇಕು ಎಷ್ಟು ಇಳಿಸಬೇಕು ಎಂದು ಹೇಳುವುದು. ಅವರು ಮೆಲ್ಲಗೆ, "ಕಾಲುವಿಗೂ ಹಿಂಗ ಒಂದು ದಾರಿ ಇಟ್ಟಿರತಾರ. ಹೆಚ್ಚಾದ ನೀರು ತಿರುಗಿ ಹೊಳಿಗೆ ಹೋಗಾಕ. ಅದಿಲ್ಲಾಂದ್ರ..." ಎಂದು ಶುರು ಮಾಡಿದರು.

"ಇದು ಕಾಲುವಿ ಅಲ್ರೀ, ಕಾರು" ಎಂದೆ ನಾನು.

ಅವರು ಖಾಜಾನ ಕಡೆ ತಿರುಗಿ, "ಆಕಿ ಹೇಳಿದಂಗ ಮಾಡು" ಎಂದರು. ಖಾಜಾ ಡಬ್ಬಿಯಲ್ಲಿ ಹುಡುಕಿ ಒಂದು ಬೋಲ್ಟು ತೆಗೆದ.

ಆಗ ನಮ್ಮಿಬ್ಬರಿಗೂ ಕೆಲಸ ಸಿರುಗುಪ್ಪದಲ್ಲೇ ಇತ್ತು. ವಾರವೆಲ್ಲ ಅಲ್ಲಿ ಒಂದು ಬಾಡಿಗೆ ಮನೆ. ಬಳ್ಳಾರಿಯ ಸ್ವಂತ ಮನೆಯಲ್ಲಿ ಬೇರೆಯವರನ್ನು ಇಡಲು ನನಗೆ ಮನಸ್ಸಿಲ್ಲದ್ದರಿಂದ ಪ್ರತಿ ಶನಿವಾರ ಬೆಳಗಿನ ಶಾಲೆ ಮುಗಿದೊಡನೆ ಇಬ್ಬರೂ ಕಾರು ಹತ್ತಿ ಇತ್ತ ಬರುತ್ತಿದ್ದೆವು. ಯಾವ ಬುದ್ಧಿವಂತನೂ ಈ ಕಡೆಯ ರಸ್ತೆಗೆ ಇಳಿಯದ ಹೊತ್ತು ಅದು. ತೆಕ್ಕಲಕೋಟೆ ದಾಟುವವರೆಗೆ ಕಾರು ಚೆನ್ನಾಗಿ ಬರುತ್ತಿತ್ತು. ಬಾದನಹಟ್ಟಿ ಬಂತು ಎನ್ನುವಾಗ ಬಿಕ್ಕಲು ಶುರು. ಊರ ಮುಂದಿನ ಬೇವಿನ ಮರದ ಹತ್ತಿರಕ್ಕೆ ಬಂದು ನಿಲ್ಲುತ್ತಿತ್ತು. ಯಾವುದೋ ಶನಿವಾರ ಮರಕ್ಕಿಂತ ಸ್ವಲ್ಪ ಹಿಂದೆ, ಯಾವುದೋ ಶನಿವಾರ ಸ್ವಲ್ಪ ಮುಂದೆ. ಹೀಗೆ ಹದಿನೆಂಟು ಬೇಸಿಗೆ.

ಇಷ್ಟು ವರ್ಷ ನಿಲ್ಲುವ ಕಾರಿನಲ್ಲಿ ಕೂತವಳಿಗೆ ಅನುಮಾನವೇ ಬರಲಿಲ್ಲವೆ ಎಂದು ನೀವು ಕೇಳಬಹುದು. ಬರಲಿಲ್ಲ. ಯಾಕೆಂದರೆ ನಮ್ಮ ಕಡೆ ಬೇಸಿಗೆಯಲ್ಲಿ ಎಲ್ಲರ ಕಾರೂ ನಿಲ್ಲುತ್ತಿತ್ತು. ಬಾನೆಟ್ ಎತ್ತಿ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಪಕ್ಕದಲ್ಲಿ ಬೀಡಿ ಸೇದುತ್ತ ಕೂತ ಡ್ರೈವರುಗಳನ್ನು ಯಾವ ರಸ್ತೆಯಲ್ಲಾದರೂ ಕಾಣಬಹುದಿತ್ತು. ಪೆಟ್ರೋಲಿನ ಪಕ್ಕ ಬೀಡಿ! ಬದುಕಿ ಉಳಿದರು ಎನ್ನುವುದೇ ಆಶ್ಚರ್ಯ. "ಗ್ಯಾಸ್ ಹಿಡದೈತಿ" ಎನ್ನುತ್ತಿದ್ದರು, ಅಜೀರ್ಣವಾದ ಹಿರಿಯರ ವಿಷಯ ಹೇಳುವಂತೆ. ನಮ್ಮ ಕಾರಿನಲ್ಲೂ ಹಳೆಯ ಪಂಚೆಯ ಒಂದು ತುಂಡು, ಒಂದು ಸ್ಟೀಲಿನ ಕೊಡ ಯಾವಾಗಲೂ ಇರುತ್ತಿದ್ದವು. ಅಷ್ಟೇ ಅಲ್ಲ, ಆ ಒದ್ದೆ ಬಟ್ಟೆಯನ್ನು ನಾನು ಪ್ರತಿ ವರ್ಷ ಒಂಬತ್ತನೇ ತರಗತಿಗೆ ಉದಾಹರಣೆ ಕೊಡುತ್ತಿದ್ದೆ. ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಎಳೆದುಕೊಳ್ಳುತ್ತದೆ, ನೋಡಿ, ನಮ್ಮ ಕಾರಿನ ಪಂಪು ಹೀಗೇ ತಂಪಾಗುವುದು. ಆ ಪಾಠದಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಪಂಪು ಯಾಕೆ ಕಾಯುತ್ತದೆ ಎಂದು ಮಾತ್ರ ಯಾವ ಮಗುವೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಕಾರು ನಿಂತೊಡನೆ ಅವರು ಇಳಿದು ಬಾನೆಟ್ ಎತ್ತಿ, ಕೊಡ ತೆಗೆದುಕೊಂಡು ಮರದ ಆಚೆಯ ಸಂದಿಯೊಳಗೆ ಹೋಗುತ್ತಿದ್ದರು. ಸಂದಿ ಹತ್ತು ಹೆಜ್ಜೆಗೆ ತಿರುಗಿಬಿಡುತ್ತದೆ, ಆಮೇಲೆ ಅವರು ಕಾಣುತ್ತಿರಲಿಲ್ಲ. ನಾನು ಕಾರಿನಲ್ಲೇ ಕೂತು ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಅವರು ಬರಲು ಇಪ್ಪತ್ತು ನಿಮಿಷ, ಒಮ್ಮೊಮ್ಮೆ ಅರ್ಧ ಗಂಟೆ. ಬಂದಾಗ ನನ್ನದು ಒಂದೇ ರಾಗ.

"ನೀರು ತರಾಕ ತಿರುಗಿ ತೆಕ್ಕಲಕೋಟಿಗೆ ಹೋಗಿದ್ರೇನು?"

"ಬೋರಿನಾಗ ನೀರು ಸಣ್ಣಗ ಬರತೈತಿ" ಎನ್ನುತ್ತಿದ್ದರು ಅವರು.

ಬಟ್ಟೆ ಒದ್ದೆ ಮಾಡಿ ಪಂಪಿಗೆ ಸುತ್ತಿ, ಉಳಿದ ನೀರಿನಲ್ಲಿ ಮುಖ ತೊಳೆದು, ಸ್ವಲ್ಪ ಹೊತ್ತಿಗೆ ಸ್ಟಾರ್ಟ್ ಮಾಡುತ್ತಿದ್ದರು. ಅಲ್ಲಿಂದ ಬಳ್ಳಾರಿಯವರೆಗೆ ನಾನು ಮಾತಾಡುತ್ತಿದ್ದೆ. ಶಾಲೆಯ ಸುದ್ದಿ, ಹೆಡ್ಮಾಸ್ತರರ ಸುದ್ದಿ, ಕುರುಗೋಡಿನ ನನ್ನ ತವರುಮನೆಯ ಸುದ್ದಿ, ಆ ಸುದ್ದಿಗಳ ಬಗ್ಗೆ ನನ್ನ ಅಭಿಪ್ರಾಯ. ನಮಗೆ ಮಕ್ಕಳಾಗಲಿಲ್ಲ. ಇಬ್ಬರೇ ಇರುವ ಮನೆ ಸುಮ್ಮನಿದ್ದರೆ ನನಗೆ ಎದೆ ಹಿಡಿದಂತಾಗುತ್ತಿತ್ತು. ಅದಕ್ಕೇ ನಾನು ಇಬ್ಬರ ಪಾಲಿನದನ್ನೂ ಒಬ್ಬಳೇ ಮಾತಾಡುತ್ತಿದ್ದೆ ಎಂದು ಈಗ ಅನ್ನಿಸುತ್ತದೆ. ಆಗ ಹಾಗೆ ಅನ್ನಿಸಿರಲಿಲ್ಲ. ಆಗ ನನಗೆ ಹೇಳುವುದು ಬಹಳ ಇತ್ತು, ಅಷ್ಟೇ.

ಅಂಗೈಯಲ್ಲಿ ಆ ರಬ್ಬರ್ ತುಂಡು ಹಿಡಿದು ಷೆಡ್ಡಿನಲ್ಲಿ ನಿಂತಾಗ ಮೊದಲು ನನಗೆ ನಗು ಬಂತು. ಎಷ್ಟು ಜೋರಾಗಿ ತಪ್ಪು ಹೇಳಿದ್ದೆ! ಖಾಜಾ ಸ್ಪ್ಯಾನರನ್ನೇ ಕೋಲು ಮಾಡಿಕೊಂಡು ಇದು ಬರುವ ದಾರಿ, ಇದು ಹೋಗುವ ದಾರಿ ಎಂದು ತೋರಿಸಿ ವಿವರಿಸಿದ. ನಾನು ಒಂಬತ್ತನೇ ತರಗತಿಯವಳಂತೆ ತಲೆಯಾಡಿಸಿದೆ. ಆಮೇಲೆ ಸಲೀಸಾಗಿ ಒಂದು ಮಾತು ಕೇಳಿದೆ, ಕೇಳಬಾರದಿತ್ತೇನೋ.

"ಇದು ನಿನಗ ಮೊದಲ ಗೊತ್ತಿತ್ತಲ್ಲ. ಸಾಹೇಬರಿಗೆ ಒಮ್ಮೆರ ಹೇಳಬೇಕಿಲ್ಲೇನು?"

ಖಾಜಾ ಬಾನೆಟ್ಟಿನೊಳಗಿಂದ ತಲೆ ಎತ್ತಿದ. "ಪ್ರತಿ ಬ್ಯಾಸಿಗಿಗೆ ಹೇಳತಿದ್ದೆರಿ. ಸಾಹೇಬ್ರೇ, ಬೋಲ್ಟ್ ತೆಗದುಬಿಡ್ತೀನಿ, ಐದು ಮಿನಿಟಿನ ಕೆಲಸ, ಗಾಡಿ ನಿಲ್ಲಂಗಿಲ್ಲ ಅಂತ. ಇರ್ಲಿ ಬಿಡು ಖಾಜಾ ಅಂತಿದ್ರು."

"ಅವರಿಗೆ ಗೊತ್ತಿತ್ತು?"

"ಅವರಿಗೆ ಗೊತ್ತಿಲ್ಲದೇನ್ರಿ. ಕಾಲುವಿ ಮ್ಯಾಲೆ ಇದ್ದವರು. ನಿಮಗೂ ಗೊತ್ತೈತಿ ಅಂತ ತಿಳಕೊಂಡಿದ್ದೆ ನಾನು."

"ಯಾಕ ಇರ್ಲಿ ಅಂತಿದ್ರು?"

"ನನಗ ಹೆಂಗ ಗೊತ್ತಾಕೈತ್ರಿ. ಕೇಳಿದ್ರ ನಗತಿದ್ರು."

ಅವನು ಹೊಸ ರಬ್ಬರು ತರಲು ಹೋದ. ನಾನು ಕಾರಿನ ಮುಂದಿನ ಸೀಟಿನಲ್ಲಿ, ನನ್ನ ಕಡೆ, ಕೂತೆ. ನಗು ಎಲ್ಲೋ ಹೋಗಿತ್ತು. ಹದಿನೆಂಟು ಬೇಸಿಗೆ, ಬೆಂಕಿಯಂಥ ಬಿಸಿಲಿನಲ್ಲಿ, ಗೊತ್ತಿದ್ದೂ ಗೊತ್ತಿದ್ದೂ ಕೊಡ ಹಿಡಿದು ಇಳಿದು ಹೋದ ಮನುಷ್ಯ. ಐದು ನಿಮಿಷದ ಕೆಲಸ. "ನೀನು ಹೇಳಿದ್ದು ತಪ್ಪಾಗಿತ್ತು" ಎಂಬ ಒಂದು ಮಾತು. ಆ ಮಾತು ಹೇಳುವುದಕ್ಕಿಂತ ಬಿಸಿಲಿನಲ್ಲಿ ನಡೆಯುವುದೇ ಸುಲಭ ಎನ್ನಿಸುವಂತೆ ನಾನಿದ್ದೆನೆ? ನನಗೆ ಹೆದರಿ ಸುಮ್ಮನಿದ್ದರೋ, ನನ್ನ ಮೇಲಿನ ಅಕ್ಕರೆಗೆ ಸುಮ್ಮನಿದ್ದರೋ? ಇದು ತಿಳಿಯದಿದ್ದರೆ ನಾನು ಅವರ ಜೊತೆ ಬಾಳಿದ್ದು ಹೇಗೆ ಎನ್ನುವುದೇ ನನಗೆ ತಿಳಿದಂತಾಗುವುದಿಲ್ಲ. ಕೇಳೋಣವೆಂದರೆ ಅವರಿಲ್ಲ. ಜಗಳವಾಡೋಣವೆಂದರೂ ಅವರೇ ಬೇಕು.

ಮುಂದಿನ ಎರಡು ಮೂರು ದಿನ ನಾನು ಮಾಡಿದ ಕೆಲಸ ಹೇಳಲು ನಾಚಿಕೆಯಾಗುತ್ತದೆ. ಮನೆಯಲ್ಲಿ ಅವರು "ಇರಲಿ ಬಿಡು" ಎಂದ ಜಾಗಗಳನ್ನೆಲ್ಲ ನೋಡುತ್ತ ತಿರುಗಿದೆ. ಪಡಸಾಲೆಯ ಗೋಡೆಗೆ ಹಳದಿ ಬಣ್ಣ ನಾನು ಆರಿಸಿದ್ದು, ಅವರು ಇರಲಿ ಎಂದಿದ್ದರು. ಮಂಚದ ತಲೆ ಕಿಟಕಿಯ ಕಡೆ ಬೇಡವೆಂದು ನಾನು ಹಟ ಹಿಡಿದಿದ್ದೆ, ಅದಕ್ಕೂ ಇರಲಿ. ಸಾರಿಗೆ ಹುಳಿ ಜಾಸ್ತಿಯಾಯಿತೇ ಎಂದರೆ ಇರಲಿ. ಒಂದೊಂದೂ ಈಗ ಹೆದರಿಕೆಯಂತೆ ಕಾಣತೊಡಗಿತು. ನನ್ನ ತರಗತಿಯಲ್ಲಿ ಉತ್ತರ ಗೊತ್ತಿದ್ದೂ ಕೈ ಎತ್ತದ ಮಕ್ಕಳು ಇರುತ್ತಿದ್ದರು. ಹಿಂದಿನ ಬೆಂಚಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿಕೊಂಡು. ಪರೀಕ್ಷೆಯಲ್ಲಿ ಅವರ ಪೇಪರು ನೋಡಿದಾಗ ಗೊತ್ತಾಗುತ್ತಿತ್ತು, ಇವಳಿಗೆ ಎಲ್ಲ ತಿಳಿದಿತ್ತು ಎಂದು. ಯಾಕೆ ಹೇಳಲಿಲ್ಲ ಎಂದರೆ, ನೀವು ಕೇಳಲಿಲ್ಲ ಮೇಡಂ ಎನ್ನುತ್ತಿದ್ದರು. ಕೈ ಎತ್ತಿದವರನ್ನೇ ಕೇಳಿ ಮುಂದೆ ಹೋಗುವ ಟೀಚರು ನಾನು. ಅಂಥವರೇ ಒಬ್ಬರು ನನ್ನ ಮನೆಯಲ್ಲೂ ಇದ್ದರು ಎಂದು ನನಗೆ ಹೊಳೆದಿರಲಿಲ್ಲ.

ಖಾಜಾ ಹೊಸ ರಬ್ಬರು ಹಾಕಿ, ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದ ಪೈಪನ್ನು ಜೋಡಿಸಿದ. "ಬಿಸಿಲಾಗ ಒಮ್ಮೆ ದೂರ ಓಡಿಸಿ ನೋಡಬೇಕ್ರಿ" ಎಂದ. ಎಲ್ಲಿಗೆ ಎಂದು ನಾನು ಯೋಚಿಸಬೇಕಾಗಿರಲಿಲ್ಲ.

ಮೊನ್ನೆ ಹನ್ನೊಂದಕ್ಕೆ ಹೊರಟು ಸಿರುಗುಪ್ಪ ಮುಟ್ಟಿ, ಅಲ್ಲೊಂದು ಕಬ್ಬಿನ ಹಾಲು ಕುಡಿದು ತಿರುಗಿದೆವು. ಖಾಜಾ ಓಡಿಸುತ್ತಿದ್ದ. ಗದ್ದೆಗಳು ಕೊಯ್ಲಾಗಿ ಬೋಳಾಗಿದ್ದವು. ಅಕ್ಕಿ ಗಿರಣಿಗಳ ಮುಂದೆ ಲಾರಿಗಳ ಸಾಲು. ತೆಕ್ಕಲಕೋಟೆ ದಾಟಿತು. ನಾನು ಎರಡೂ ಕೈಯಲ್ಲಿ ಸೀಟಿನ ಅಂಚು ಹಿಡಿದು ಕೂತಿದ್ದೆ. ನಿಮ್ಮ ಹತ್ತಿರ ಮುಚ್ಚುಮರೆಯೇಕೆ, ಕಾರು ನಿಲ್ಲಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ನಿಂತರೆ ಆ ಬೋಲ್ಟಿನದೇನೂ ತಪ್ಪಿಲ್ಲ, ನನ್ನದೇನೂ ತಪ್ಪಿಲ್ಲ, ಅವರು ಸುಮ್ಮನಿದ್ದದ್ದಕ್ಕೂ ಅರ್ಥವಿಲ್ಲ ಎಂದಾಗುತ್ತಿತ್ತು. ಬಾದನಹಟ್ಟಿ ಬಂತು. ಕಾರು ಬಿಕ್ಕಲಿಲ್ಲ. ಮರ ಇನ್ನೇನು ಹಿಂದೆ ಬೀಳುತ್ತದೆ ಎನ್ನುವಾಗ ನಾನೇ "ನಿಲ್ಸಪಾ" ಎಂದೆ.

ಖಾಜಾ ಎಂಜಿನ್ ಆರಿಸಿ, "ಬರಾಬರ್ ಐತ್ರಿ ಗಾಡಿ" ಎಂದ, ಸಂತೋಷದಿಂದ. ನಾನು ಸ್ವಲ್ಪ ಇಳಿದು ಬರುತ್ತೇನೆ ಎಂದಾಗ ಅವನು ರಸ್ತೆಯ ಆಚೆಯ ಹೋಟೆಲಿನ ಕಡೆ ನೋಡಿ, "ಹಂಗಾರ ನಾ ಊಟ ಮಾಡ್ತೀನ್ರಿ. ನಿಧಾನ ಬರ್ರಿ" ಎಂದ. ಅಲ್ಲಿ ಅವನ ಪರಿಚಯದ ಲಾರಿಯವರು ನಾಲ್ಕು ಜನ ಕೂತಿದ್ದರು. ಅವನು ಅವರ ನಡುವೆ ಸೇರಿಕೊಂಡ.

ಸಂದಿಯೊಳಗೆ ನಾನು ಹೋಗಿದ್ದು ಅದೇ ಮೊದಲು. ಅಷ್ಟು ವರ್ಷ ಅದರ ಬಾಯಿಯನ್ನು ನೋಡುತ್ತ ಕೂತಿದ್ದೇನೆ, ಎದ್ದು ಹೋಗಿ ನೋಡಿರಲಿಲ್ಲ. ತಿರುವಿನ ಆಚೆ ಒಂದೇ ಮನೆ. ಮುಂದೆ ತೆಂಗಿನ ಗರಿಯ ಚಪ್ಪರ, ಚಪ್ಪರದ ಕೆಳಗೆ ಒಂದು ಕಲ್ಲಿನ ಕಟ್ಟೆ, ಪಕ್ಕದಲ್ಲಿ ತುಂಬಿ ತುಳುಕುವ ನೀರಿನ ತೊಟ್ಟಿ. ಎಪ್ಪತ್ತು ದಾಟಿದ ಹೆಂಗಸೊಬ್ಬಳು ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದಳು. ಹಣೆಯ ತುಂಬ ವಿಭೂತಿ. ಈರಮ್ಮ ಎಂದು ಹೆಸರು, ಆಮೇಲೆ ಹೇಳಿದಳು. ಯಾರು, ಏನು ಎಂದು ಕೇಳುವ ಮೊದಲೇ "ಬಿಸಿಲಾಗ ಬಂದೀರಿ, ಕುಂದರ್ರಿ" ಎಂದು ಒಂದು ಚೊಂಬು ನೀರು ಕೊಟ್ಟಳು.

"ಅವ್ವಾ, ಹಿಂದ ಶನಿವಾರ ಶನಿವಾರ ಹಸಿರು ಕಾರಿಗೆ ನೀರು ಒಯ್ಯಾಕ ಒಬ್ರು ಬರತಿದ್ರಲ್ಲ..."

"ಸಾಹೇಬ್ರು" ಎಂದಳು ಅವಳು ತಕ್ಷಣ. "ಆರಾಮ ಅದಾರೇನು?"

ಇಲ್ಲ ಎಂದೆ. ಹೋಗಿ ಮೂರು ವರ್ಷವಾಯಿತು ಎಂದೆ. ಅವಳ ಕೈ ಮೆಣಸಿನಕಾಯಿಯ ಮೇಲೆ ನಿಂತಿತು. ನನ್ನ ಕಡೆ ನೋಡಿ, "ನೀವು ಕಾರಿನ್ಯಾಗ ಕುಂದರತಿದ್ದಾಕಿ ಅಲ್ಲೇನು" ಎಂದಳು. ಹೌದು ಎಂದೆ. ಬೇರೆ ಯಾವ ರೀತಿಯಲ್ಲೂ ನನ್ನ ಪರಿಚಯ ಹೇಳಿಕೊಳ್ಳಬೇಕೆನ್ನಿಸಲಿಲ್ಲ.

"ನಿಮ್ಮ ಬೋರಿನಾಗ ನೀರು ಸಣ್ಣಗ ಬರತಿತ್ತೇನವ್ವಾ ಆಗ?"

"ನಮ್ಮ ಬೋರಿನ್ಯಾಗ? ಕಾಲುವಿ ಮಗ್ಗಲದಾಗ ಐತಿ, ಸಣ್ಣಗ ಯಾಕ ಬಂದೀತು. ಯಾವತ್ತೂ ಬಂದಿಲ್ಲ. ಸಾಹೇಬ್ರು ಬಂದ ಕೂಡಲೆ ಕೊಡ ತೊಟ್ಟಿಯಾಗ ಅದ್ದಿ ತುಂಬಿ ಇಡತಿದ್ರು. ಆಮ್ಯಾಗ ಈಗ ನೀವು ಕುಂತೀರಲ್ಲ, ಅಲ್ಲೆ ಕುಂದರತಿದ್ರು."

ನಾನು ಕೂತಿದ್ದ ಕಲ್ಲು ತಣ್ಣಗಿತ್ತು.

"ಏನ ಮಾತಾಡತಿದ್ರು?"

"ಏನೂ ಇಲ್ಲ. ನಾ ನನ್ನ ಕೆಲಸ ಮಾಡಕೊಂತ ಇರತಿದ್ದೆ. ಅವರು ಸುಮ್ನ ಕುಂದರತಿದ್ರು. ಮಜ್ಜಿಗಿ ಕೊಟ್ರ ಕುಡೀತಿದ್ರು. ನಾನೂ ಮಾತು ಕಮ್ಮಿ ಮಾಡಾಕಿ, ಅವರೂ ಹಂಗ."

ಹೀಗೆ ನನಗೆ ಉತ್ತರ ಸಿಕ್ಕಿತು. ಅದು ಹೆದರಿಕೆಯೂ ಅಲ್ಲ, ನಾನು ಆಸೆಪಟ್ಟ ಅಕ್ಕರೆಯೂ ಅಲ್ಲ. ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಯಾರೂ ಮಾತಾಡದ ಜಾಗ ಒಂದು ಅವರಿಗೆ ಬೇಕಾಗಿತ್ತು. ಕಾರು ನಿಂತರೆ ಅದು ಸಿಗುತ್ತಿತ್ತು. ಆ ಬೋಲ್ಟನ್ನು ಅವರು ನನಗಾಗಿ ಇಟ್ಟುಕೊಂಡಿರಲಿಲ್ಲ, ನನ್ನಿಂದ ದೂರ ಕೂರುವುದಕ್ಕೆ ಇಟ್ಟುಕೊಂಡಿದ್ದರು. ನನಗೆ ಕಣ್ಣು ತುಂಬಿ ಬಂತು, ದುಃಖಕ್ಕಿಂತ ಅವಮಾನಕ್ಕೆ. ಆದರೂ ಅಲ್ಲಿಗೆ ಬಂದವಳು ಕೇಳದೆ ಹೋಗಲಾರೆ. ಕೇಳುವುದು ನನ್ನ ಜಾಯಮಾನ.

"ಅವರಿಗೆ ಬ್ಯಾಸರ ಇತ್ತೇನವ್ವಾ? ನನ್ನ ಬಗ್ಗೆ ಏನಾರ ಅಂತಿದ್ರೇನು?"

ಈರಮ್ಮ ತೊಟ್ಟು ಮುರಿಯು‌ತ್ತಲೇ ಯೋಚಿಸಿದಳು. ಸುಳ್ಳು ಹೇಳಿ ಸಮಾಧಾನ ಮಾಡುವ ಹೆಂಗಸಿನಂತೆ ಕಾಣಲಿಲ್ಲ.

"ಬ್ಯಾಸರ ಏನಿಲ್ಲ. ಎತ್ತು ನೆಳ್ಳಿಗೆ ನಿಂತಂಗ ಇರತಿದ್ರು. ನಿಮ್ಮ ಬಗ್ಗೆ ಅಂದ್ರ... ಒಂದ ಮಾತು ಅಂತಿದ್ರು. ಅವರು ಎದ್ದಾಗ ನಾ ಅಂತಿದ್ದೆ, ಇನ್ನಷ್ಟೊತ್ತು ಕುಂದರ್ರಿ ಸಾಹೇಬ್ರೇ, ಬಿಸಿಲು ಇಳೀಲಿ ಅಂತ. ಇಲ್ಲವ್ವಾ, ಆಕಿ ಅಲ್ಲೆ ಒಬ್ಬಾಕಿ ಕುಂತಾಳ ಅಂತಿದ್ರು. ಯಾವಾಗ ಕುಂದರ್ರಿ ಅಂದ್ರೂ ಅದ ಮಾತು. ಕೊಡ ಎತ್ತಿಕೊಂಡು ಹೋಗಿಬಿಡತಿದ್ರು."

ಈರಮ್ಮ ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟಳು. ತಿರುಗಿ ತನ್ನ ಮೊರದ ಮುಂದೆ ಕೂತಳು. ತೊಟ್ಟು ಮುರಿಯುವ ಸದ್ದು, ತೊಟ್ಟಿಗೆ ನೀರು ಬೀಳುವ ಸದ್ದು. ಇಷ್ಟು ಹೊತ್ತು ಇನ್ನೊಬ್ಬರ ಎದುರು ಮಾತಿಲ್ಲದೆ ನಾನು ಎಂದೂ ಕೂತವಳಲ್ಲ. ಎದೆ ಹಿಡಿಯಲಿಲ್ಲ.

ಮಜ್ಜಿಗೆ ಮುಗಿಸಿ, ಹೊತ್ತಾಯಿತೆಂದು ಲೋಟ ಕೆಳಗಿಟ್ಟು ಎದ್ದೆ.

"ಇನ್ನಷ್ಟೊತ್ತು ಕುಂದರ್ರಿ" ಎಂದಳು ಈರಮ್ಮ. "ಬಿಸಿಲು ಇಳೀಲಿ."

ಬಾಯಿ ತೆರೆದೆ. ಹೋಗಲೇಬೇಕು ಎನ್ನಲು ಒಂದು ಕಾರಣ ಹುಡುಕಿದೆ. ಖಾಜಾ ತನ್ನವರ ಜೊತೆ ಉಣ್ಣುತ್ತಿದ್ದ. ಬಳ್ಳಾರಿಯ ಮನೆಗೆ ನಾನೇ ಬೀಗ ಹಾಕಿ ಬಂದಿದ್ದೆ. ನನ್ನ ದಾರಿ ನೋಡುತ್ತ ಒಬ್ಬರೇ ಕೂತವರು ಎಲ್ಲಿಯೂ ಇರಲಿಲ್ಲ.

ಕೂತುಕೊಂಡೆ.